ಏಳು ಜನ, ಹದಿನಾರು ಹಾದಿ

ದೌಲತಾಬಾದ್ ಕೋಟೆಯಲ್ಲಿ ‘ಅಂಧೇರಿ’ ಎಂಬೊಂದು ದಾರಿಯಿದೆ. ಬಂಡೆಯ ಹೊಟ್ಟೆಯೊಳಗೆ ಕೊರೆದ ಕತ್ತಲ ಓಣಿ. ಒಳಗೆ ನುಗ್ಗಿದ ಶತ್ರುವಿಗೆ ದಿಕ್ಕು ತಪ್ಪಲಿ ಎಂದು ಬೇಕೆಂದೇ ತಿರುವುಗಳನ್ನಿಟ್ಟು, ಮೆಟ್ಟಿಲುಗಳನ್ನು ಏರುಪೇರು ಮಾಡಿ ಕಡೆದದ್ದು. ನಾವು ಹೋದ ದಿನ ನಮ್ಮ ಮುಂದೆ ಯಾವುದೋ ಶಾಲೆಯ ಮಕ್ಕಳ ಸಾಲಿತ್ತು. ಬಾವಲಿ ವಾಸನೆಗೆ ಮೂಗು ಮುಚ್ಚಿಕೊಂಡೇ ಒಬ್ಬಳು ಹುಡುಗಿ ಹಾಡು ಎತ್ತಿದಳು, ಉಳಿದವರು ಹಿಡಿದುಕೊಂಡರು. ಮೊದಲ ತಿರುವಿನಲ್ಲಿದ್ದವರು ಹಾಡಿದ ಸಾಲು ಗೋಡೆಗೆ ಬಡಿದು ಹಿಂದಕ್ಕೆ ಬರುವಷ್ಟರಲ್ಲಿ ಹಿಂದಿನವರು ಮುಂದಿನ ಸಾಲಿಗೆ ಹೋಗಿದ್ದರು. ಇಪ್ಪತ್ತು ಮಕ್ಕಳ ದನಿ ಇನ್ನೂರು ಮಕ್ಕಳದಾಗಿ ಕೇಳಿತು. ಮಾತು ಒಂದೂ ತಿಳಿಯಲಿಲ್ಲ, ಆದರೆ ಮೈ ಜುಮ್ಮೆಂದಿತು. ಗೈಡಿಗೆ ಅದು ದಿನನಿತ್ಯದ ಗಲಾಟೆ. “ಚಲೋ, ಚಲೋ” ಎಂದು ಟಾರ್ಚ್ ಬೀಸುತ್ತಿದ್ದ.

ಹೊರಗೆ ಬಂದು, ಚಾಂದ್ ಮಿನಾರ್ ಕಾಣುವಲ್ಲಿ ಕೂತಾಗ ನೆನಪಾದದ್ದು ಇದೇ ಊರಿನ ಒಬ್ಬ ಲೆಕ್ಕಪತ್ರದ ಅಧಿಕಾರಿ. ದೌಲತಾಬಾದ್ ಎಂಬ ಹೆಸರು ಬರುವುದಕ್ಕೆ ಮುಂಚೆ, ಇದು ಸೇವುಣ ಯಾದವರ ದೇವಗಿರಿಯಾಗಿದ್ದ ಕಾಲದವನು. ಅಜ್ಜ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು, ಅಪ್ಪ ಸೋಢಲ ಅರಮನೆಯ ನೌಕರಿಯಲ್ಲಿದ್ದವನು. ಮಗ ಶಾರ್ಙ್ಗದೇವ 13ನೇ ಶತಮಾನದ ಮೊದಲರ್ಧದಲ್ಲಿ, ಸಿಂಘಣ ರಾಜನ ಆಳ್ವಿಕೆಯಲ್ಲಿ, ಸರ್ಕಾರಿ ಲೆಕ್ಕ ಬರೆಯುತ್ತಲೇ ‘ಸಂಗೀತ ರತ್ನಾಕರ’ ಬರೆದ. ಏಳು ಅಧ್ಯಾಯ, ಸ್ವರದಿಂದ ಶುರುವಾಗಿ ನೃತ್ಯದವರೆಗೆ. ತನ್ನನ್ನು ‘ನಿಃಶಂಕ’ ಎಂದು ಕರೆದುಕೊಂಡ. ಯಾವ ಸಂಶಯವೂ ಇಲ್ಲದವನು ಅಂತ. ಲೆಕ್ಕದವರಿಗೆ ಹೊಂದುವ ಹೆಸರೇ. ಹಿಂದುಸ್ತಾನಿ, ಕರ್ನಾಟಕ ಎಂದು ಸಂಗೀತ ಎರಡಾಗಿ ಕವಲೊಡೆಯುವ ಮುಂಚಿನ ಪುಸ್ತಕವಾದ್ದರಿಂದ ಎರಡೂ ಕಡೆಯವರು ಇದನ್ನು ತಮ್ಮದೆನ್ನುತ್ತಾರೆ. ನಮ್ಮ ಕಡೆಗೂ ಇದರಲ್ಲಿ ಪಾಲಿದೆ: 15ನೇ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಬರೆದ ‘ಕಲಾನಿಧಿ’ ವ್ಯಾಖ್ಯಾನ ಇಲ್ಲದಿದ್ದರೆ ರತ್ನಾಕರದ ಎಷ್ಟೋ ಜಾಗ ಇಂದಿಗೂ ಅಂಧೇರಿಯೇ.

ಆ ಪುಸ್ತಕದ ಮೂರನೆಯ ಅಧ್ಯಾಯ ‘ಪ್ರಕೀರ್ಣಕ’. ಬೇರೆಲ್ಲೂ ಸೇರದ ಚಿಲ್ಲರೆ ಸಂಗತಿಗಳ ಗಂಟು. ಅದರಲ್ಲಿ ‘ವೃಂದ’ದ ಲಕ್ಷಣವಿದೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಬ್ಯಾಂಡು. ಉತ್ತಮ ವೃಂದಕ್ಕೆ ನಾಲ್ವರು ಮುಖ್ಯ ಗಾಯಕರು, ಅವರ ಜತೆಗೆ ಹಾಡುವ ಎಂಟು ಜನ, ಹನ್ನೆರಡು ಗಾಯಕಿಯರು, ನಾಲ್ಕು ಕೊಳಲು, ನಾಲ್ಕು ಮೃದಂಗ. ಒಟ್ಟು 32. ಮಧ್ಯಮಕ್ಕೆ ಅದರರ್ಧ. ಕನಿಷ್ಠಕ್ಕೆ ಒಬ್ಬನೇ ಮುಖ್ಯ ಗಾಯಕ, ಉಳಿದವರೂ ಕಡಿಮೆ. ಲೆಕ್ಕದವನು ಎಣಿಸಿಟ್ಟಿದ್ದಾನೆ. ಮೂವತ್ತೆರಡನ್ನು ಮೀರಿದ ವೃಂದಕ್ಕೂ ಅವನಲ್ಲಿ ಹೆಸರಿದೆ: ಕೋಲಾಹಲ.

ಸಂಖ್ಯೆಗಿಂತ ನನಗೆ ಹಿಡಿಸಿದ್ದು ಅದರ ಪಕ್ಕದಲ್ಲೇ ಅವನು ಬರೆದ ಗುಣಗಳು. ಮುಖ್ಯ ಗಾಯಕನನ್ನು ಅನುಸರಿಸಬೇಕು. ದನಿಗಳು ಬೆರೆಯಬೇಕು. ತಾಳ ಲಯದಲ್ಲಿ ನಿಲ್ಲಬೇಕು. ಮೂರು ಸ್ಥಾಯಿಗೂ ಕೊರಳು ಹೋಗಬೇಕು. ದನಿ ಒಂದೇ ಥರ ಕೇಳಬೇಕು. ಇವುಗಳ ನಡುವೆ ಇನ್ನೊಂದು: ಒಬ್ಬನದು ಎಲ್ಲಿ ಕಡಿಯುತ್ತದೋ ಅಲ್ಲಿ ಮತ್ತೊಬ್ಬ ತುಂಬಬೇಕು. ಗೀಗೀ ಮೇಳದಲ್ಲಿ ಮುಂದಿನವ ಉಸಿರೆಳೆದುಕೊಳ್ಳುವಾಗ ಹಿಂದಿನವರು ಪಲ್ಲವಿ ಎತ್ತಿಕೊಳ್ಳುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಜನೆಗೆ ಕೂತವರಿಗೂ ಗೊತ್ತು. ಉಸಿರು ಎಲ್ಲರಿಗೂ ಮುಗಿಯುತ್ತದೆ, ಆದರೆ ಎಲ್ಲರಿಗೂ ಒಟ್ಟಿಗೆ ಮುಗಿಯಬಾರದು.

ಈ ಮಾತು ಹಿಡಿದುಕೊಂಡು ಹೋದರೆ ದೇವಗಿರಿಯಿಂದ ಬಹಳ ದೂರದ ಒಂದು ಊರಿಗೆ, ಒಂದು ನತದೃಷ್ಟ ಬ್ಯಾಂಡಿನ ಹತ್ತಿರ ಬಂದು ನಿಲ್ಲುತ್ತೇವೆ. ಊರು ಲಾಸ್ ಏಂಜಲೀಸ್. ಬ್ಯಾಂಡಿನ ಹೆಸರು ‘ದಿ ಮಿಲೆನಿಯಮ್’. ಏಳೇ ಜನ. ಹೊರಬಂದದ್ದು ಒಂದೇ ಆಲ್ಬಂ. ಆದರೆ ಆ ಆಲ್ಬಂ ಕೇಳಿದರೆ ಮೂವತ್ತೆರಡು ಜನರ ವೃಂದ ಹಾಡಿದಂತಿದೆ. ಏಳು ಜನ ಮೂವತ್ತೆರಡಾದದ್ದು ಹೇಗೆ ಎಂಬುದೇ ಇಲ್ಲಿನ ಕತೆ.

ಅದಕ್ಕೆ ಮೊದಲು ಒಂದು ಯಂತ್ರದ ಸಂಗತಿ ಹೇಳಬೇಕು.

ಗಿಟಾರ್ ವಾದಕ ಲೆಸ್ ಪಾಲ್‌ಗೆ ತನ್ನ ಜತೆ ತಾನೇ ನುಡಿಸುವ ಹುಚ್ಚಿತ್ತು. 1948ರಲ್ಲಿ ‘ಲವರ್’ ಎಂಬ ಹಾಡಿಗೆ ಎಂಟು ಗಿಟಾರ್‌ಗಳನ್ನು ಒಬ್ಬನೇ ನುಡಿಸಿದ. ಆಗ ಟೇಪ್ ಇನ್ನೂ ಅವನ ಕೈಗೆ ಬಂದಿರಲಿಲ್ಲ. ಒಂದು ತಟ್ಟೆಯಲ್ಲಿ ಕೊರೆದದ್ದನ್ನು ಹಾಕಿಕೊಂಡು ಅದರ ಜತೆ ನುಡಿಸಿ ಇನ್ನೊಂದು ತಟ್ಟೆಗೆ, ಅದರ ಜತೆ ನುಡಿಸಿ ಮತ್ತೊಂದಕ್ಕೆ. ಮುಂದಿನ ವರ್ಷ ಗಾಯಕ ಬಿಂಗ್ ಕ್ರಾಸ್ಬಿ ಅವನಿಗೊಂದು ಆಂಪೆಕ್ಸ್ ಟೇಪ್ ಯಂತ್ರ ಕೊಟ್ಟ. ಲೆಸ್ ಪಾಲ್ ಅದಕ್ಕೆ ಒಂದು ಹೆಡ್ ಹೆಚ್ಚಿಗೆ ಜೋಡಿಸಿ, ಹಳೆಯ ದನಿಯ ಮೇಲೆಯೇ ಹೊಸದನ್ನು ಬರೆಯುವ ಉಪಾಯ ಮಾಡಿಕೊಂಡ. 1951ರಲ್ಲಿ ಹೆಂಡತಿ ಮೇರಿ ಫೋರ್ಡ್ ಜತೆ ಮಾಡಿದ ‘ಹೌ ಹೈ ದ ಮೂನ್’ ಹೀಗೇ ಬಂದದ್ದು. ಅದರಲ್ಲಿ ಕೇಳುವ ಹೆಂಗಸರ ಗುಂಪು ಅಷ್ಟೂ ಮೇರಿಯೊಬ್ಬಳೇ. ಆದರೆ ಈ ವಿಧಾನ ಕತ್ತಿಯ ಮೇಲಿನ ನಡಿಗೆ. ಹನ್ನೊಂದನೆಯ ಪದರದಲ್ಲಿ ಒಂದು ಸ್ವರ ತಪ್ಪಿದರೆ ಕೆಳಗಿನ ಹತ್ತೂ ಹೋಯಿತು. ಮೊದಲಿಂದ ಶುರು.

ಹಾಗಾದರೆ ಪದರಗಳನ್ನು ಒಂದರ ಮೇಲೊಂದು ಹಾಕದೆ, ಒಂದೇ ಟೇಪಿನ ಮೇಲೆ ಪಕ್ಕಪಕ್ಕದಲ್ಲಿ, ರಸ್ತೆಯ ಸಾಲುಗಳಂತೆ ಬರೆದರೆ? ಒಂದು ಸಾಲು ಕೆಟ್ಟರೆ ಅದನ್ನಷ್ಟೇ ಅಳಿಸಬಹುದು. ಕೇಳುವುದಕ್ಕೆ ಸುಲಭ. ಆದರೆ ಇದರಲ್ಲಿ ಒಂದು ತೊಡಕಿತ್ತು. ಟೇಪ್ ಯಂತ್ರದಲ್ಲಿ ಟೇಪು ಮೊದಲು ಅಳಿಸುವ ಹೆಡ್, ಆಮೇಲೆ ಬರೆಯುವ ಹೆಡ್, ಕೊನೆಗೆ ಓದುವ ಹೆಡ್ ಹೀಗೆ ಮೂರನ್ನು ಸವರಿಕೊಂಡು ಹೋಗುತ್ತದೆ. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತಿದೆ, ಬರೆಯುವ ಮತ್ತು ಓದುವ ಹೆಡ್‌ಗಳ ನಡುವೆ ಒಂದೂವರೆ ಅಂಗುಲ ಅಂತರವಿದೆ ಎಂದಿಟ್ಟುಕೊಳ್ಳಿ. ಗಾಯಕಿ ಮೊದಲ ಸಾಲನ್ನು ಓದುವ ಹೆಡ್‌ನಿಂದ ಕೇಳುತ್ತ ಎರಡನೆಯದನ್ನು ಹಾಡುತ್ತಾಳೆ. ಅವಳು ಕೇಳಿದ ಜಾಗ ಬರೆಯುವ ಹೆಡ್ಡನ್ನು ದಾಟಿ ಆಗಲೇ ಸೆಕೆಂಡಿನ ಹತ್ತನೇ ಒಂದು ಭಾಗ ಆಗಿಹೋಗಿದೆ. ಹೊಸ ದನಿ ಟೇಪಿನ ಮೇಲೆ ಅಷ್ಟು ಹಿಂದೆ ಕೂರುತ್ತದೆ. ತಾಳಕ್ಕೆ ಅಷ್ಟು ಸಾಕು, ಎಲ್ಲ ಕೆಡುತ್ತದೆ. ಅಂಧೇರಿಯ ಮಕ್ಕಳ ಹಾಡು ಆದದ್ದೂ ಹೀಗೇ.

ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ 1950ರ ದಶಕದ ನಡುವಿನಲ್ಲಿ ಕಂಡುಕೊಂಡ ಪರಿಹಾರ ಎಷ್ಟು ಸರಳವೆಂದರೆ, ಗೊತ್ತಾದ ಮೇಲೆ ಇದರಲ್ಲೇನಿದೆ ಅನ್ನಿಸುತ್ತದೆ. ಬರೆಯುವ ಹೆಡ್ಡೂ ಒಂದು ಸುರುಳಿಯೇ, ಓದುವುದೂ ಸುರುಳಿಯೇ. ಹಾಗಾದರೆ ಹಳೆಯ ಸಾಲನ್ನು ಕೇಳಿಸುವುದಕ್ಕೆ ಬರೆಯುವ ಹೆಡ್ಡನ್ನೇ ತಾತ್ಕಾಲಿಕವಾಗಿ ಓದುವ ಹೆಡ್ ಮಾಡಿಬಿಟ್ಟರಾಯಿತು. ಒಂದು ಸಾಲಿನಲ್ಲಿ ಬರಹ, ಅದೇ ಗೆರೆಯಲ್ಲಿ ಪಕ್ಕದ ಸಾಲಿನಲ್ಲಿ ಓದು. ಅಂತರವೇ ಇಲ್ಲ, ತಡವೂ ಇಲ್ಲ. ಹೀಗೆ ಓದಿದಾಗ ದನಿ ಅಷ್ಟೇನೂ ಚೊಕ್ಕಟವಲ್ಲ. ಆದರೆ ಗಾಯಕಿಗೆ ಬೇಕಾದದ್ದು ಚೊಕ್ಕಟವಲ್ಲ, ಹೊತ್ತು. ಇದಕ್ಕೆ ‘ಸೆಲ್-ಸಿಂಕ್’ ಎಂದು ಹೆಸರಿಟ್ಟರು. 1957ರಲ್ಲಿ ಎಂಟು ಸಾಲಿನ ಮೊದಲ ಯಂತ್ರ ಲೆಸ್ ಪಾಲ್ ಮನೆಗೆ ಹೋಯಿತು. ಅವನು ಅದನ್ನು ಆಕ್ಟೋಪಸ್ ಎಂದು ಕರೆದ. ಮುಂದಿನ ವರ್ಷ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಎಂಜಿನಿಯರ್ ಟಾಮ್ ಡೌಡ್ ತನ್ನ ಕಂಪನಿಯೂ ಒಂದನ್ನು ಕೊಳ್ಳುವಂತೆ ಮಾಡಿದ. ಉಳಿದ ಸ್ಟುಡಿಯೋಗಳಲ್ಲಿ ಹೆಚ್ಚಿನವು ಇನ್ನೂ ಹತ್ತು ವರ್ಷ ಮೂರು, ನಾಲ್ಕು ಸಾಲಿನಲ್ಲೇ ಕಾಲ ಹಾಕಿದವು. ಬೀಟಲ್ಸ್‌ರ ‘ಸಾರ್ಜೆಂಟ್ ಪೆಪ್ಪರ್’ ಕೂಡ ನಾಲ್ಕು ಸಾಲಿನ ಯಂತ್ರದಲ್ಲಿ ಆದದ್ದೇ.

ಈಗ ಕರ್ಟ್ ಬೆಚರ್‌ನ ಹತ್ತಿರ ಬರೋಣ. 1944ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವನು. ಮಿನಿಯಾಪೊಲಿಸ್‌ನಲ್ಲಿ ‘ಗೋಲ್ಡ್‌ಬ್ರಯರ್ಸ್’ ಎಂಬ ಜಾನಪದ ಗುಂಪು ಕಟ್ಟಿ 1964ರಲ್ಲಿ ಎರಡು ಆಲ್ಬಂ ಮಾಡಿದ. ಅಲ್ಲಿ ಹೊಂಬರ್ಗ್ ಮನೆತನದ ಅಕ್ಕತಂಗಿಯರಿಬ್ಬರ ದನಿಗಳ ನಡುವೆ ತನ್ನ ದನಿಯನ್ನು ತೂರಿಸುವುದನ್ನು ಕಲಿತ. ಅವನ ಕೊರಳು ಎತ್ತರದ್ದು, ತೆಳ್ಳಗಿನದು, ಗಂಡೋ ಹೆಣ್ಣೋ ಎಂದು ಹೇಳಲಾಗದ್ದು. ಶಾರ್ಙ್ಗದೇವ ಕೇಳುವ ‘ಬೆರೆಯುವ’ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು.

1966ರಲ್ಲಿ ‘ದಿ ಅಸೋಸಿಯೇಷನ್’ ಎಂಬ ಹೊಸ ಬ್ಯಾಂಡಿನ ಮೊದಲ ಆಲ್ಬಂಗೆ ಇವನು ನಿರ್ಮಾಪಕನಾದ. ‘ಅಲಾಂಗ್ ಕಮ್ಸ್ ಮೇರಿ’ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಚೆರಿಶ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿಗೆ ಅವನ ನಸೀಬು ಖುಲಾಯಿಸಿತು ಎಂದುಕೊಳ್ಳಬೇಕು. ಆದರೆ ಎರಡನೆಯ ಆಲ್ಬಂಗೆ ಬ್ಯಾಂಡು ಇವನನ್ನು ಕರೆಯಲೇ ಇಲ್ಲ. ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಕೂರಿಸುತ್ತ ಹೋಗುವ ಇವನ ಕೆಲಸಕ್ಕೆ ತಾಳ್ಮೆ ಬೇಕಿತ್ತು.

ಈ ಬಗೆಯ ಹಾಡಿಗೆ ‘ಸನ್‌ಶೈನ್ ಪಾಪ್’ ಎಂಬ ಹೆಸರು ಬಂದದ್ದು ಆಮೇಲೆ, ಹಳೆ ರೆಕಾರ್ಡು ಹುಡುಕುವವರಿಂದ. ಎಳೆಬಿಸಿಲಿನ ಹಾಡು. ಒತ್ತೊತ್ತಾಗಿ ಹೆಣೆದ ಕೊರಳುಗಳು, ಹಿತವಾದ ಧಾಟಿ, ಕ್ಯಾಲಿಫೋರ್ನಿಯಾದ ಹವೆ, ಒಳಗೊಳಗೇ ಒಂದೆಳೆ ಬೇಸರ. ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಇದಕ್ಕೆಲ್ಲ ಹಿರಿಯಣ್ಣ. 1966ರ ‘ಪೆಟ್ ಸೌಂಡ್ಸ್’ ಮಾಡುವಾಗ ಅವನು ವಾದ್ಯಗಳನ್ನೆಲ್ಲ ನಾಲ್ಕು ಸಾಲಿನಲ್ಲಿ ಹಿಡಿದು, ಅವನ್ನು ಒಂದಕ್ಕಿಳಿಸಿ, ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿದ್ದ ಎಂಟು ಸಾಲಿನ ಯಂತ್ರದ ಒಂದು ಸಾಲಿಗೆ ಸೇರಿಸಿ, ಉಳಿದ ಏಳನ್ನು ಬರೀ ಕೊರಳಿಗೆ ಬಿಟ್ಟುಕೊಂಡಿದ್ದ. ಏಳು ಸಾಲು ಕೊರಳಿಗೇ! ಬೆಚರ್‌ಗೆ ಅದೂ ಸಾಲದಾಯಿತು.

ಕೊಲಂಬಿಯಾದ ನಿರ್ಮಾಪಕ ಗ್ಯಾರಿ ಅಷರ್ ಇವನ ಕೆಲಸ ಕೇಳಿ ಬೆರಗಾದವನು. ಅಷರ್ ಆಗ ‘ಸಜಿಟೇರಿಯಸ್’ ಎಂಬ ಬ್ಯಾಂಡಿನ ಹೆಸರಲ್ಲಿ ‘ಮೈ ವರ್ಲ್ಡ್ ಫೆಲ್ ಡೌನ್’ ಎಂಬ ಹಾಡು ತಂದಿದ್ದ. ಬ್ಯಾಂಡು ಎಂಬುದು ಬರೀ ಹೆಸರು. ಹಾಡಿದವನು ಗ್ಲೆನ್ ಕ್ಯಾಂಬೆಲ್, ಸ್ಟುಡಿಯೋದಲ್ಲಿ ದಿನಗೂಲಿಗೆ ಗಿಟಾರ್ ನುಡಿಸುತ್ತಿದ್ದವನು, ಮುಂದೆ ದೊಡ್ಡ ಹೆಸರು ಮಾಡಿದವನು. ಬೆಚರ್‌ಗೆ ‘ಬಾಲ್‌ರೂಮ್’ ಎಂಬ ತನ್ನದೊಂದು ಗುಂಪಿತ್ತು. ಅದು ಒಂದು ಸಿಂಗಲ್ ಹಾಕಿ ನಿಂತಿತು, ಆಲ್ಬಂ ಹೊರಬರಲಿಲ್ಲ. ಅದರ ಕೆಲವು ಹಾಡು ಸಜಿಟೇರಿಯಸ್‌ನ ಆಲ್ಬಂಗೆ ಹೋದವು. ಇಲ್ಲಿ ಹೆಸರುಗಳು ಬದಲಾಗುತ್ತ ಹೋಗುತ್ತವೆ, ಕೊರಳುಗಳು ಮಾತ್ರ ಅವೇ. ನಮ್ಮ ಕಂಪನಿ ನಾಟಕಗಳು ಒಡೆದು ಹೊಸ ಹೆಸರಲ್ಲಿ ಬೇರೆ ಊರಲ್ಲಿ ಟೆಂಟ್ ಹಾಕಿದ ಹಾಗೆ.

ಕೊನೆಗೆ ನೆಲೆಯಾದದ್ದು ಮಿಲೆನಿಯಮ್. ಬೆಚರ್ ಜತೆಗೆ ಲೀ ಮ್ಯಾಲರಿ, ಸ್ಯಾಂಡಿ ಸಾಲಿಸ್‌ಬರಿ, ಜೋಯಿ ಸ್ಟೆಕ್, ಮೈಕಲ್ ಫೆನೆಲಿ. ಎಲ್ಲರೂ ಹಾಡು ಬರೆಯುವವರೇ. ಉಳಿದಿಬ್ಬರು ಡಗ್ ರೋಡ್ಸ್ ಮತ್ತು ಡ್ರಮ್ಮಿನ ರಾನ್ ಎಡ್ಗರ್. ಇವರಿಬ್ಬರೂ ಬಂದದ್ದು ‘ಮ್ಯೂಸಿಕ್ ಮಷೀನ್’ ಎಂಬ ಬ್ಯಾಂಡಿನಿಂದ. ಮೈತುಂಬ ಕಪ್ಪು ಬಟ್ಟೆ, ಒಂದೊಂದು ಕೈಗೆ ಕಪ್ಪು ಗ್ಲೌಸು ಹಾಕಿಕೊಂಡು ಸಿಟ್ಟಿನ ಹಾಡು ಹಾಡುತ್ತಿದ್ದ ಬ್ಯಾಂಡು ಅದು. ಅದರ ಬೇಸ್ ಗಿಟಾರ್‌ನ ಕೀತ್ ಓಲ್ಸನ್ ಇಲ್ಲಿ ಬೆಚರ್‌ನ ಸಹ-ನಿರ್ಮಾಪಕ. ಕಪ್ಪು ಗ್ಲೌಸು ಕಳಚಿಟ್ಟು ಬಂದವರು ಎಳೆಬಿಸಿಲಿನ ಹಾಡಿಗೆ ಕೂತರು. ಯಂತ್ರದ ತಲೆ ಇದ್ದದ್ದು ಓಲ್ಸನ್‌ಗೆ.

ಎಂಟು ಸಾಲು ಸಾಲದು. ಹದಿನಾರು ಸಾಲಿನ ಯಂತ್ರ ಆಗಷ್ಟೇ ಹುಟ್ಟುತ್ತಿತ್ತು, ಇವರ ಕೈಗೆ ಬಂದಿರಲಿಲ್ಲ. ಹಾಗಾದರೆ ಎಂಟು ಸಾಲಿನ ಎರಡು ಯಂತ್ರಗಳನ್ನು ಜೋಡಿ ಎತ್ತಿನಂತೆ ಒಟ್ಟಿಗೆ ಓಡಿಸಿದರೆ? ಕಷ್ಟವಿರುವುದು ‘ಒಟ್ಟಿಗೆ’ ಎಂಬಲ್ಲಿ. ಎರಡು ಮೋಟಾರುಗಳು ಎಂದೂ ಸರಿಸಮ ಓಡುವುದಿಲ್ಲ. ಒಂದು ಕೂದಲೆಳೆಯಷ್ಟು ಮುಂದೆ ಹೋದರೂ ಕೊರಳುಗಳು ಸೀಳುತ್ತವೆ. 1967ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಬೀಟಲ್ಸ್‌ಗಾಗಿ ಎಂಜಿನಿಯರ್ ಕೆನ್ ಟೌನ್‌ಸೆಂಡ್ ನಾಲ್ಕು ಸಾಲಿನ ಎರಡು ಯಂತ್ರಗಳನ್ನು ಹೀಗೆ ಕಟ್ಟಿದ್ದ. ಮೊದಲ ಟೇಪಿನ ಒಂದು ಸಾಲಿನಲ್ಲಿ 50 ಹರ್ಟ್ಸ್‌ನ ಗುಂಯ್ ಎನ್ನುವ ದನಿ ತುಂಬಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರನ್ನು ನಡೆಸಿದ. ಮೊದಲನೆಯದು ನಿಧಾನಿಸಿದರೆ ಎರಡನೆಯದೂ ನಿಧಾನಿಸುತ್ತದೆ. ಹೀಗೆ ಓಡಿಸಿದರೂ, ಎರಡನ್ನೂ ಒಂದೇ ಕ್ಷಣಕ್ಕೆ ಶುರು ಮಾಡುವುದು ಕೈಯ ಚಳಕವೇ ಆಗಿತ್ತು. ಕೊಲಂಬಿಯಾದಲ್ಲಿ ಎಂಟು ಮತ್ತು ಎಂಟನ್ನು ಕೂಡಿಸಿ ಮಾಡಿದ ಮೊದಮೊದಲ ಆಲ್ಬಂಗಳಲ್ಲಿ ಮಿಲೆನಿಯಮ್‌ನದು ಒಂದು. ಸೈಮನ್ ಮತ್ತು ಗಾರ್ಫಂಕಲ್ ‘ದಿ ಬಾಕ್ಸರ್’ ಹಾಡಿಗೆ ಹಿಡಿದ ದಾರಿಯೂ ಇದೇ, ಆದರೆ ಸ್ವಲ್ಪ ತಡವಾಗಿ.

ಹದಿನಾರು ಸಾಲು ಸಿಕ್ಕ ಮೇಲೆ ಏಳು ಜನಕ್ಕೆ ಬಂದ ಸ್ವಾತಂತ್ರ್ಯ ಏನೆಂದು ಯೋಚಿಸಿ. ಮೂರು ಜನ ಒಂದು ಮೈಕಿನ ಮುಂದೆ ನಿಂತು ಹಾಡಿದರು, ಒಂದು ಸಾಲು. ಅವರೇ ಅದನ್ನೇ ಮತ್ತೆ ಹಾಡಿದರು, ಎರಡು. ಅದೇ ಮನುಷ್ಯ ಅದೇ ಸ್ವರವನ್ನು ಎರಡು ಸಲ ಹಾಡಿದಾಗ ಎರಡೂ ಹೆಚ್ಚು ಕಡಿಮೆ ಒಂದೇ, ಆದರೆ ಪೂರ್ತಿ ಒಂದೇ ಅಲ್ಲ. ಸ್ವರ ಎಳೆಯಷ್ಟು ಮೇಲೆ ಕೆಳಗೆ, ಮಾತು ಚೂರು ಹಿಂದೆ ಮುಂದೆ. ಕಿವಿಗೆ ಆ ಚೂರು ವ್ಯತ್ಯಾಸವೇ ಗುಂಪು. ಒಂದು ರೆಕಾರ್ಡನ್ನು ಸುಮ್ಮನೆ ನಕಲು ಮಾಡಿ ಸೇರಿಸಿದರೆ ಬರೀ ಸದ್ದು ಹೆಚ್ಚುತ್ತದೆ, ಜನ ಹೆಚ್ಚುವುದಿಲ್ಲ. ಮತ್ತೆ ಹಾಡಬೇಕು, ಮೈ ದಣಿಯುವಂತೆ ಹಾಡಬೇಕು. ‘ದನಿ ಒಂದೇ ಥರ ಕೇಳಬೇಕು’ ಎಂಬ ದೇವಗಿರಿಯ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಒಬ್ಬ ಉಸಿರೆಳೆದುಕೊಳ್ಳುವಲ್ಲಿ ಅವನೇ ಇನ್ನೊಂದು ಸಾಲಿನಲ್ಲಿ ಹಾಡುತ್ತಿರುತ್ತಾನೆ. ತನ್ನ ಕಡಿತವನ್ನು ತಾನೇ ತುಂಬುತ್ತಾನೆ.

ಆಲ್ಬಂನ ಹೆಸರು ‘ಬಿಗಿನ್’. 1968ರ ಜುಲೈನಲ್ಲಿ ಬಂತು. ಹದಿನಾಲ್ಕು ತುಣುಕು, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಿದೆ. ಶುರುವಿನಲ್ಲಿ ಕೊರಳೇ ಇಲ್ಲ. ಹಾರ್ಪ್ಸಿಕಾರ್ಡ್‌ನ ಒಂದು ಹಳೆಗಾಲದ ಧಾಟಿ, ಅದರ ಕೆಳಗೆ ಡ್ರಮ್ಮಿನ ಗಟ್ಟಿ ಪೆಟ್ಟು. ದೇವರ ಮನೆಗೆ ಬೂಟು ಹಾಕಿಕೊಂಡು ಬಂದಂತೆ. ಅದು ತೆರೆದುಕೊಂಡು ‘ಟು ಕ್ಲಾಡಿಯಾ ಆನ್ ಥರ್ಸ್‌ಡೇ’ ಆಗುವ ಕ್ಷಣ ನನಗೆ ಈಗಲೂ ಬೇಸರ ತಂದಿಲ್ಲ. ‘5 ಎ.ಎಂ.’ ಎಂಬುದು ಬೆಳಗಿನ ಜಾವದ ಹಾಡು, ಸಾಲಿಸ್‌ಬರಿಯದು. ನಮ್ಮಿಂದ ‘ಕರ್ಮ’ ಎಂಬ ಮಾತನ್ನು ಕಡ ತಂದು ‘ಕಾರ್ಮಿಕ್ ಡ್ರೀಮ್ ಸೀಕ್ವೆನ್ಸ್’ ಎಂದೊಂದು ಉದ್ದನೆಯದನ್ನು ಮಾಡಿದ್ದಾರೆ. ಆ ಕಾಲದಲ್ಲಿ ಎಲ್ಲರೂ ಒಂದಿಷ್ಟು ಭಾರತ ಹಚ್ಚಿಕೊಳ್ಳುತ್ತಿದ್ದರು, ಅದನ್ನು ಮನ್ನಿಸಬೇಕು. ನನ್ನ ತಕರಾರು ಬೇರೆ. ಎರಡು ಮೂರು ಕಡೆ ಸಕ್ಕರೆ ಅತಿಯಾಗಿದೆ. ಪಾಕ ಏರಿದ ಮೈಸೂರು ಪಾಕು ಹಲ್ಲಿಗೆ ಅಂಟುವ ಹಾಗೆ. ಹದಿನಾರು ಸಾಲಿದೆ ಎಂಬ ಕಾರಣಕ್ಕೇ ಹದಿನಾರನ್ನೂ ತುಂಬಿದ್ದಾರೆ ಅನ್ನಿಸುವ ಜಾಗಗಳವು. ಶಾರ್ಙ್ಗದೇವನ ಗೆರೆ ದಾಟಿ ಕೋಲಾಹಲದ ಹೊಸ್ತಿಲಿಗೆ ಹೋಗಿ ಬರುತ್ತಾರೆ.

ಖರ್ಚು ಲಕ್ಷ ಡಾಲರ್ ಮುಟ್ಟಿತ್ತು ಎಂದು ಹೇಳುವುದುಂಟು. ಆ ದಿನಗಳಿಗೆ ಅದು ಹುಚ್ಚು ದುಡ್ಡು. ಮಾರಾಟ ಮಾತ್ರ ಆಗಲಿಲ್ಲ. ಸಿಂಗಲ್‌ಗಳೂ ಅಮೆರಿಕದ ಪಟ್ಟಿ ಹತ್ತಲಿಲ್ಲ. ಕಾರಣ ಹುಡುಕುವುದಕ್ಕೆ ದೂರ ಹೋಗಬೇಕಿಲ್ಲ, 1968 ಎಂಬ ಇಸವಿ ಸಾಕು. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆ, ಜೂನ್‌ನಲ್ಲಿ ಇದೇ ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ರಾಬರ್ಟ್ ಕೆನಡಿ ಕೊಲೆ, ಆಗಸ್ಟ್‌ನಲ್ಲಿ ಶಿಕಾಗೊದ ಬೀದಿಗಳಲ್ಲಿ ಲಾಠಿ. ನಡುವೆ ವಿಯೆಟ್ನಾಂ. ಇಂಥ ಬೇಸಿಗೆಯಲ್ಲಿ ಎಳೆಬಿಸಿಲನ್ನು ಯಾರು ಕೊಳ್ಳುತ್ತಾರೆ? ಕೇಳುಗರ ಕಿವಿ ಒರಟು ಗಿಟಾರಿಗೆ ಹೊರಳಿತ್ತು. ಇನ್ನೊಂದು ಕಾರಣ ಆಲ್ಬಂನ ಒಳಗೇ ಇದೆ: ಏಳು ಜನ ವೇದಿಕೆಗೆ ಬಂದರೆ ಏಳೇ ಜನ. ಟೇಪಿನ ಮೇಲಿನ ಮೂವತ್ತೆರಡು ಜನರನ್ನು ಊರೂರಿಗೆ ಕರೆದೊಯ್ಯುವುದು ಹೇಗೆ? ಎರಡನೆಯ ಆಲ್ಬಂಗೆ ಕೆಲವು ಹಾಡು ಆಗುವಷ್ಟರಲ್ಲಿ ಬ್ಯಾಂಡು ಕರಗಿಹೋಯಿತು.

ಯಂತ್ರದ ಪಾಠ ಮಾತ್ರ ಕರಗಲಿಲ್ಲ. ಓಲ್ಸನ್ ಮುಂದೆ ಸೌಂಡ್ ಸಿಟಿ ಎಂಬ ಸ್ಟುಡಿಯೋದಲ್ಲಿ ಕೂತು, 1973ರಲ್ಲಿ ಬಕಿಂಗ್‌ಹ್ಯಾಮ್ ನಿಕ್ಸ್ ಎಂಬ ಜೋಡಿಯ ಆಲ್ಬಂ ಮಾಡಿದ. ಅದೂ ಸೋತಿತು. ಆದರೆ ಸ್ಟುಡಿಯೋ ನೋಡಲು ಬಂದ ಡ್ರಮ್ಮರ್ ಮಿಕ್ ಫ್ಲೀಟ್‌ವುಡ್‌ಗೆ ಅದರ ಒಂದು ಹಾಡು ಕೇಳಿಸಿದ್ದರಿಂದ ಆ ಜೋಡಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿಗೆ ಹೋಯಿತು. 1975ರಲ್ಲಿ ಆ ಬ್ಯಾಂಡಿಗೆ ಓಲ್ಸನ್ ಮಾಡಿಕೊಟ್ಟ ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನ ಕಂಡಿತು.

ನಮ್ಮ ದೇಶದಲ್ಲಿ ಆ ಹೊತ್ತಿಗೆ ಸಿನಿಮಾ ಹಾಡು ಹೇಗಾಗುತ್ತಿತ್ತು? ಹಾಡುವವರು ಒಂದು ಮೈಕಿನ ಮುಂದೆ, ಹಾಲಿನ ತುಂಬ ಆರ್ಕೆಸ್ಟ್ರಾ, ಎಲ್ಲರೂ ಒಂದೇ ಏಟಿಗೆ. ಪಿಟೀಲಿನವರಲ್ಲಿ ಒಬ್ಬ ತಪ್ಪಿದರೆ ಮತ್ತೆ ಮೊದಲಿಂದ. ಶಾರ್ಙ್ಗದೇವ ಒಳಗೆ ಬಂದಿದ್ದರೆ ಅವನಿಗೆ ಏನೂ ಹೊಸತು ಕಾಣುತ್ತಿರಲಿಲ್ಲ. ಒಂದೇ ಕೊರಳನ್ನು ಹಲವಾಗಿಸುವ ವಿದ್ಯೆ ಇಲ್ಲಿ ಮನೆಮನೆಗೆ ತಲುಪಿದ್ದು ಒಬ್ಬ ಬೆಂಗಳೂರಿಗನಿಂದ. ಅವನದೂ ಅಲ್ಪಾಯುಷಿ ಬ್ಯಾಂಡಿನ ಕತೆಯೇ.

ಬಿಡ್ಡು ಅಪ್ಪಯ್ಯ, ಕೊಡವರ ಮನೆಯ ಹುಡುಗ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ಬ್ಯಾಂಡು ಕಟ್ಟಿ ಬೀಟಲ್ಸ್, ಟ್ರಿನಿ ಲೋಪೆಜ್ ಹಾಡುಗಳನ್ನು ಹಾಡಿದ. ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ರೆಸ್ಟೊರೆಂಟಿನವರೆಗೂ ಹೋದರು. ಬ್ಯಾಂಡು ಒಡೆಯಿತು. ಬಿಡ್ಡು ‘ಲೋನ್ ಟ್ರೋಜನ್’ ಎಂದು ಒಬ್ಬನೇ ಹಾಡಿ, 1967ರ ಹೊತ್ತಿಗೆ ಇಂಗ್ಲೆಂಡ್ ಸೇರಿದ. 1969ರಲ್ಲಿ ಜಪಾನಿನ ‘ಟೈಗರ್ಸ್’ ಬ್ಯಾಂಡಿಗೆ ‘ಸ್ಮೈಲ್ ಫಾರ್ ಮಿ’ ಎಂಬ ಹಾಡನ್ನು ನಿರ್ಮಿಸಿದ. ಬೀ ಜೀಸ್ ಸೋದರರು ಬರೆದದ್ದು, ಎಳೆಬಿಸಿಲಿನ ಜಾತಿಗೇ ಸೇರಿದ್ದು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್‌ನಿಂದ ಒಂದು ಹಾಡು ಹಾಡಿಸಿದ. ಮೂರು ಗಂಟೆಯ ಸ್ಟುಡಿಯೋ ಬಾಡಿಗೆಯಲ್ಲಿ ಬಹುಪಾಲು ಅದಕ್ಕೇ ಹೋಯಿತು. ರೆಕಾರ್ಡಿನ ಹಿಂಬದಿಗೆ ಏನಾದರೂ ಬೇಕಲ್ಲ ಎಂದು ಕೊನೆಯ ಹತ್ತು ನಿಮಿಷದಲ್ಲಿ ಹೂಂ ಹಾಂ ಎಂದು ಕೂಗಾಡಿ ಎರಡೇ ಟೇಕಿನಲ್ಲಿ ಇನ್ನೊಂದನ್ನು ಮುಗಿಸಿದರು. ಪೈ ರೆಕಾರ್ಡ್ ಕಂಪನಿಯವರು ಕೇಳಿ, ಹಿಂಬದಿಯದನ್ನೇ ಮುಂದೆ ಹಾಕಿ ಎಂದರು. ಅದು ‘ಕುಂಗ್ ಫೂ ಫೈಟಿಂಗ್’. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನ. ಲಕ್ಷ ಡಾಲರಿನ ‘ಬಿಗಿನ್’ ಎಲ್ಲಿ, ಹತ್ತು ನಿಮಿಷದ ಇದೆಲ್ಲಿ.

ಆರು ವರ್ಷದ ಮೇಲೆ ಹಿಂದಿ ನಟ ಫಿರೋಜ್ ಖಾನ್ ತನ್ನ ‘ಕುರ್ಬಾನಿ’ ಸಿನಿಮಾಕ್ಕೆ ಒಂದು ಹಾಡು ಬೇಕೆಂದು ಬಿಡ್ಡು ಹತ್ತಿರ ಬಂದ. ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್, ಹದಿನೈದು ವರ್ಷ. ಅವಳ ಎಳೆ ಕೊರಳು ಒಂದೇ ಸಾಲಿನಲ್ಲಿ ನಿಂತಿದ್ದರೆ ಬಡಕಲಾಗುತ್ತಿತ್ತು. ಬಿಡ್ಡು ಲಂಡನ್ ಸ್ಟುಡಿಯೋದಲ್ಲಿ ಅದೇ ಕೊರಳನ್ನು ಪದರಪದರವಾಗಿ ಕೂಡಿಸಿದ. ‘ಆಪ್ ಜೈಸಾ ಕೋಯಿ’ಯನ್ನು ಈಗ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮಧ್ಯದಲ್ಲಿರುವುದು ಒಬ್ಬಳಲ್ಲ, ಒಬ್ಬಳೇ ಇಬ್ಬರು ಮೂವರಾಗಿ ನಿಂತಿದ್ದಾಳೆ. ಮದುವೆ ಚಪ್ಪರದ ಲೌಡ್‌ಸ್ಪೀಕರಿನಲ್ಲಿ, ಹೋಟೆಲಿನ ರೇಡಿಯೋದಲ್ಲಿ ಆ ಹಾಡು ಬೇರೆ ಹಾಡುಗಳ ನಡುವೆ ಹೊಳೆದದ್ದಕ್ಕೆ ಡಿಸ್ಕೊ ತಾಳ ಎಷ್ಟು ಕಾರಣವೋ ಈ ಜೋಡಿಸಿದ ಕೊರಳೂ ಅಷ್ಟೇ ಕಾರಣ ಎಂಬುದು ನನ್ನ ಎಣಿಕೆ. 1981ರಲ್ಲಿ ನಾಜಿಯಾಗೆ ಅತ್ಯುತ್ತಮ ಗಾಯಕಿ ಎಂದು ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಬೆಚರ್ ಕೂಡ ಡಿಸ್ಕೊ ಮುಟ್ಟಿದವನೇ. 1979ರಲ್ಲಿ ಬೀಚ್ ಬಾಯ್ಸ್‌ನವರ ಹಳೆಯ ಹಾಡೊಂದನ್ನು ಹತ್ತು ನಿಮಿಷಕ್ಕೂ ಹೆಚ್ಚು ಎಳೆದು ಡಿಸ್ಕೊ ಮಾಡಿಕೊಟ್ಟ. ಬೀಚ್ ಬಾಯ್ಸ್ ಅಭಿಮಾನಿಗಳು ಅದನ್ನು ಇಂದಿಗೂ ಕ್ಷಮಿಸಿಲ್ಲ. ನನಗೂ ಕ್ಷಮಿಸಲಾಗಿಲ್ಲ.

ಅವನ ಒಳ್ಳೆಯ ಕೆಲಸವನ್ನು ಮೊದಲು ಮತ್ತೆ ಎತ್ತಿಕೊಂಡವರಲ್ಲಿ ಜಪಾನಿನ ಹುಡುಗರು ಮುಖ್ಯ. 1990ರ ದಶಕದಲ್ಲಿ ಅವರು ಇಂಥ ಹಾಡುಗಳಿಗೆ ‘ಸಾಫ್ಟ್ ರಾಕ್’ ಎಂದು ಹೆಸರಿಟ್ಟು, ಯಾರಿಗೂ ಬೇಡವಾಗಿದ್ದ ತಟ್ಟೆಗಳಿಗೆ ಬೆಲೆ ತಂದರು. ಆಮೇಲೆ ಅಮೆರಿಕದ ಸಂಡೇಜ್ಡ್ ಕಂಪನಿ ಬಾಲ್‌ರೂಮ್ ಮತ್ತು ಮಿಲೆನಿಯಮ್‌ನ ಹಾಡುಗಳನ್ನೆಲ್ಲ ಹುಡುಕಿ, ಡಬ್ಬದಲ್ಲೇ ಉಳಿದ ಟೇಪುಗಳನ್ನೂ ಸೇರಿಸಿ, ‘ಮ್ಯಾಜಿಕ್ ಟೈಮ್’ ಎಂದು ಮೂರು ಸಿಡಿ ಹೊರತಂದಿತು. ಅದು 2001. ಕರ್ಟ್ ಬೆಚರ್ 1987ರ ಜೂನ್‌ನಲ್ಲೇ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಿದ್ದ. ಆಗ ಅವನಿಗೆ 43 ವರ್ಷ.